ಮೆಕಾಂಗ್ ನದಿ ಆಯೋಗದ ನೀರಿನ ಮಟ್ಟದ ಸೇವೆ: ಹೊರಹರಿವಿನ ಅಂಕಣವಿಲ್ಲದ ಪಟ್ಟಿ

ಮಳೆಗಾಲದಲ್ಲಿ ಪತ್ರಿಕೆ ಕೈಗೆ ಬಂದೊಡನೆ ಮುಖಪುಟವನ್ನು ಬಿಟ್ಟು ಮೊದಲು ಜಲಾಶಯಗಳ ಮಟ್ಟದ ಪಟ್ಟಿಯನ್ನು ಹುಡುಕುವುದು ಮಂಡ್ಯ ಜಿಲ್ಲೆಯ ನಾಲೆ ಬಯಲಿನಲ್ಲಿ ಬೆಳೆದ ನನ್ನಂಥವರಿಗೆ ಅಂಟಿದ ಅಭ್ಯಾಸ. ಕೆಆರ್‌ಎಸ್‌ನ ಗರಿಷ್ಠ ಮಟ್ಟ 124.80 ಅಡಿ, ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು ಕ್ಯೂಸೆಕ್, ಹೊರಹರಿವು ಇಷ್ಟು ಕ್ಯೂಸೆಕ್ ಎಂಬ ಒಂದು ಸಾಲನ್ನು ಓದಿ, ನಾಲೆಗೆ ನೀರು ಬಿಡುತ್ತಾರೋ ಇಲ್ಲವೋ, ಒಟ್ಲು ಹಾಕಬಹುದೋ ಇನ್ನೊಂದು ವಾರ ಕಾಯಬೇಕೋ ಎಂದು ನಮ್ಮ ತಂದೆಯವರು ಜಗಲಿಯಲ್ಲೇ ಕುಳಿತು ತೀರ್ಮಾನಿಸುತ್ತಿದ್ದರು. ಕೆಲಸದ ನಿಮಿತ್ತ ಲಾವೋಸ್‌ನ ರಾಜಧಾನಿ ವಿಯೆಂಟಿಯಾನ್‌ನಲ್ಲಿ ಒಂದೂವರೆ ವರ್ಷ ಇರಬೇಕಾಗಿ ಬಂದಾಗ, ಮೆಕಾಂಗ್ ದಂಡೆಯಿಂದ ಎರಡು ಬೀದಿ ಈಚೆಗೆ ಬಾಡಿಗೆ ಮನೆ ಹಿಡಿದ ಮೊದಲ ವಾರದಲ್ಲೇ ನಾನು ಹುಡುಕಿದ್ದು ಅಂಥದೇ ಒಂದು ಪಟ್ಟಿಯನ್ನು. ಅದು ಸಿಕ್ಕಿತು. ಮೆಕಾಂಗ್ ನದಿ ಆಯೋಗ ತನ್ನ ಜಾಲತಾಣದಲ್ಲಿ ಉಚಿತವಾಗಿ ನಡೆಸುವ ನೀರಿನ ಮಟ್ಟ ಮತ್ತು ಪ್ರವಾಹ ಮುನ್ಸೂಚನೆಯ ಸೇವೆಯನ್ನು ಒಂದು ಮಳೆಗಾಲ ಮತ್ತು ಒಂದು ಬೇಸಿಗೆ ಹೆಚ್ಚುಕಡಿಮೆ ಪ್ರತಿದಿನ ಬಳಸಿದವನಾಗಿ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಐದರಲ್ಲಿ ಮೂರೂವರೆ ಅಂಕ ಕೊಡುತ್ತೇನೆ. ಕಡಿಮೆಯಾದ ಒಂದೂವರೆ ಅಂಕದಲ್ಲಿ ಬಹುಪಾಲು ಆಯೋಗದ ಸಿಬ್ಬಂದಿಯ ತಪ್ಪಿನಿಂದ ಹೋದದ್ದಲ್ಲ ಎಂಬುದನ್ನು ಮುಂದೆ ವಿವರಿಸುತ್ತೇನೆ.

ಮೊದಲು ನದಿಯ ಗಾತ್ರವನ್ನು ನಮ್ಮ ಲೆಕ್ಕಕ್ಕೆ ತಂದುಕೊಳ್ಳುವುದು ಒಳ್ಳೆಯದು. ಮೆಕಾಂಗ್‌ನಲ್ಲಿ ವರ್ಷಕ್ಕೆ ಸರಾಸರಿ 475 ಘನ ಕಿಲೋಮೀಟರ್ ನೀರು ಹರಿಯುತ್ತದೆ, ಅಂದರೆ ಸುಮಾರು 16,800 ಟಿಎಂಸಿ. ಕಾವೇರಿ ನ್ಯಾಯಮಂಡಳಿ ಇಡೀ ಕಾವೇರಿ ಕೊಳ್ಳದ ಲಭ್ಯತೆಯೆಂದು ಇಟ್ಟುಕೊಂಡ 740 ಟಿಎಂಸಿಯ ಎದುರು ಇದು ಇಪ್ಪತ್ತೆರಡು ಪಟ್ಟಿಗೂ ಹೆಚ್ಚು. ಟಿಬೆಟ್ ಪ್ರಸ್ಥಭೂಮಿಯಲ್ಲಿ ಹುಟ್ಟಿ, ಚೀನಾದ ಯುನ್ನಾನ್ ಪ್ರಾಂತ್ಯದಲ್ಲಿ ಲಾನ್‌ಸಾಂಗ್ ಎಂಬ ಹೆಸರಿನಲ್ಲಿ ಹರಿದು, ಮ್ಯಾನ್ಮಾರ್, ಲಾವೋಸ್, ಥಾಯ್ಲೆಂಡ್, ಕಾಂಬೋಡಿಯಾಗಳನ್ನು ಹಾದು ವಿಯೆಟ್ನಾಂನಲ್ಲಿ ಸಮುದ್ರ ಸೇರುವ ಈ ನದಿಯ ನೀರಿನಲ್ಲಿ ಚೀನಾದ ಪಾಲು ಶೇಕಡಾ 16ರಷ್ಟು, ಲಾವೋಸ್‌ನದು ಶೇಕಡಾ 35ರಷ್ಟು. ಆಯೋಗದ ಸದಸ್ಯರು ಮಾತ್ರ ನಾಲ್ಕೇ ದೇಶಗಳು: ಲಾವೋಸ್, ಥಾಯ್ಲೆಂಡ್, ಕಾಂಬೋಡಿಯಾ, ವಿಯೆಟ್ನಾಂ. ಇವು 1995ರ ಏಪ್ರಿಲ್ 5ರಂದು ಥಾಯ್ಲೆಂಡ್‌ನ ಚಿಯಾಂಗ್ ರಾಯ್‌ನಲ್ಲಿ ಸಹಿ ಹಾಕಿದ ಒಪ್ಪಂದವೇ ಆಯೋಗದ ಬುನಾದಿ. ಮೇಲಿನ ಚೀನಾ ಮತ್ತು ಮ್ಯಾನ್ಮಾರ್ 1996ರಿಂದ ‘ಸಂವಾದ ಪಾಲುದಾರ’ರು ಮಾತ್ರ. ನದಿಯ ತಲೆಬಾಗಿಲು ಯಾರ ಕೈಯಲ್ಲಿದೆಯೋ ಅವರೇ ಸಭೆಯಲ್ಲಿ ಅತಿಥಿಗಳಾಗಿ ಕುಳಿತಿದ್ದಾರೆ.

ಸೇವೆಯ ವಿಷಯಕ್ಕೆ ಬರುತ್ತೇನೆ. ನೋಂದಣಿಯ ಕಾಟವಿಲ್ಲ, ಶುಲ್ಕವಿಲ್ಲ. ಪುಟ ತೆರೆದರೆ ನಕ್ಷೆಯ ಮೇಲೆ ಮಾಪನ ಕೇಂದ್ರಗಳು ಬಣ್ಣದ ಗುರುತುಗಳಾಗಿ ಕಾಣುತ್ತವೆ. ಮೇಲೆ ಚೀನಾದ ಜಿಂಗ್‌ಹಾಂಗ್, ಅದರ ಕೆಳಗೆ ಥಾಯ್ಲೆಂಡ್‌ನ ಚಿಯಾಂಗ್ ಸೇನ್, ಲಾವೋಸ್‌ನ ಲುವಾಂಗ್ ಪ್ರಬಾಂಗ್ ಮತ್ತು ವಿಯೆಂಟಿಯಾನ್, ಹೀಗೆ ಇಳಿಯುತ್ತಾ ಕಾಂಬೋಡಿಯಾದ ಕ್ರಾಟಿ, ಕೊನೆಗೆ ವಿಯೆಟ್ನಾಂ ಗಡಿಯ ಟಾನ್ ಚೌ, ಚೌ ಡಾಕ್. ಸ್ವಯಂಚಾಲಿತ ಕೇಂದ್ರಗಳಿಂದ ಹದಿನೈದು ನಿಮಿಷಕ್ಕೊಮ್ಮೆ ಮಟ್ಟದ ಅಂಕಿ ಬರುತ್ತದೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ಪ್ರತಿದಿನ ಮುಖ್ಯ ನದಿಯ 22 ಕೇಂದ್ರಗಳಿಗೆ ಮುಂದಿನ ಐದು ದಿನಗಳ ಮುನ್ಸೂಚನೆ ಪ್ರಕಟವಾಗುತ್ತದೆ. ಉಳಿದ ತಿಂಗಳುಗಳಲ್ಲಿ ವಾರಕ್ಕೊಂದು ವರದಿ. ಯಾವುದೇ ಕೇಂದ್ರವನ್ನು ಒತ್ತಿದರೆ ಈ ವರ್ಷದ ಗೆರೆ, ದೀರ್ಘಕಾಲದ ಸರಾಸರಿಯ ಗೆರೆ, ಎಚ್ಚರಿಕೆಯ ಮಟ್ಟ ಮತ್ತು ಪ್ರವಾಹ ಮಟ್ಟದ ಅಡ್ಡಗೆರೆಗಳು ಒಂದೇ ಚಿತ್ರದಲ್ಲಿ ಸಿಗುತ್ತವೆ. ಈ ಚಿತ್ರ ನಿಜಕ್ಕೂ ಚೆನ್ನಾಗಿದೆ. ಬರೀ ಅಂಕಿಗಳ ಕೋಷ್ಟಕಕ್ಕೆ ಒಗ್ಗಿಹೋಗಿದ್ದ ನನ್ನ ಕಣ್ಣಿಗೆ ಅದು ಮೊದಲ ದಿನವೇ ಹಿಡಿಸಿತು.

ಹೊಸಬರು ಎಡವುವ ಜಾಗವೊಂದಿದೆ. ವಿಯೆಂಟಿಯಾನ್‌ನಲ್ಲಿ ನೀರು 8 ಮೀಟರ್ ಎಂದು ಪುಟ ತೋರಿಸಿದರೆ ನದಿಯ ಆಳ 8 ಮೀಟರ್ ಎಂದು ಅರ್ಥವಲ್ಲ. ಅದು ಅಲ್ಲಿನ ಮಾಪನ ಪಟ್ಟಿಯ ಸೊನ್ನೆಯಿಂದ ಎಣಿಸಿದ ಎತ್ತರ. ಆ ಸೊನ್ನೆ ಸಮುದ್ರಮಟ್ಟದಿಂದ ಸುಮಾರು 158 ಮೀಟರ್ ಮೇಲಿದೆ. ಸ್ವಲ್ಪ ಕೆಳಗೆ ಎದುರು ದಂಡೆಯಲ್ಲಿರುವ ಥಾಯ್ಲೆಂಡ್‌ನ ನೋಂಗ್ ಖಾಯ್ ಕೇಂದ್ರದ ಸೊನ್ನೆ ಬೇರೆ ಎತ್ತರದಲ್ಲಿದೆ. ಆದ್ದರಿಂದ ಒಂದೇ ನದಿಗೆ, ಒಂದೇ ಬೆಳಿಗ್ಗೆ, ಎರಡು ದೇಶಗಳ ದಂಡೆಯಲ್ಲಿ ಎರಡು ಅಂಕಿಗಳು ಕಾಣುತ್ತವೆ, ಎರಡೂ ಸರಿ. ವಿಯೆಂಟಿಯಾನ್‌ನ ಎಚ್ಚರಿಕೆಯ ಮಟ್ಟ 11.5 ಮೀಟರ್, ಪ್ರವಾಹ ಮಟ್ಟ 12.5 ಮೀಟರ್ ಎಂಬುದನ್ನು ನೆನಪಿನಲ್ಲಿಟ್ಟುಕೊಂಡು ಅದಕ್ಕೆ ಇನ್ನೆಷ್ಟು ಬಾಕಿ ಎಂದು ನೋಡುವುದೇ ಸರಿಯಾದ ಓದು. ಪುಟದಲ್ಲಿ ಈ ವಿವರಣೆ ಎದ್ದು ಕಾಣುವಂತೆ ಇದ್ದಿದ್ದರೆ ನನ್ನ ಸಹೋದ್ಯೋಗಿಗಳ ನಡುವೆ ಊಟದ ವೇಳೆ ನಡೆದ ಎಷ್ಟೋ ವಾದಗಳು ನಡೆಯುತ್ತಿರಲಿಲ್ಲ.

ಮುನ್ಸೂಚನೆಯನ್ನು ನಾನು ನಿಜವಾಗಿ ನೆಚ್ಚಿಕೊಂಡದ್ದು 2024ರ ಸೆಪ್ಟೆಂಬರ್‌ನಲ್ಲಿ. ಯಾಗಿ ಚಂಡಮಾರುತ ಉತ್ತರ ವಿಯೆಟ್ನಾಂ, ಉತ್ತರ ಲಾವೋಸ್ ಮತ್ತು ಉತ್ತರ ಥಾಯ್ಲೆಂಡ್‌ಗಳ ಮೇಲೆ ಮಳೆ ಸುರಿಸಿದ ಕೆಲವೇ ದಿನಗಳಲ್ಲಿ ಲಾವೋಸ್ ಮತ್ತು ಥಾಯ್ಲೆಂಡ್‌ಗಳ ಆ ನೀರು ವಿಯೆಂಟಿಯಾನ್‌ನತ್ತ ಬಂತು. ಮನೆಯೊಡತಿ ಪ್ರತಿದಿನ ಸಂಜೆ ದಂಡೆಯ ಒಂದು ಬಿದಿರಿನ ಗಳಕ್ಕೆ ನೀರು ಮುಟ್ಟಿದ ಕಡೆ ಕೆಂಪು ಪ್ಲಾಸ್ಟಿಕ್ ದಾರ ಕಟ್ಟಿ ಬರುತ್ತಿದ್ದರು. ನಾನು ಬೆಳಿಗ್ಗೆ 7 ಗಂಟೆಯ ಅಂಕಿಯನ್ನು ಫೋನಿನಲ್ಲಿ ನೋಡಿ ಅವರ ಮಗನಿಗೆ ತೋರಿಸುತ್ತಿದ್ದೆ. ಮೂರನೆಯ ದಿನದ ಹೊತ್ತಿಗೆ ಇಬ್ಬರ ಲೆಕ್ಕವೂ ಒಂದೇ ಮಾತು ಹೇಳುತ್ತಿತ್ತು, ಆದರೆ ಅವರ ದಾರ ನಿನ್ನೆಯದನ್ನು ಹೇಳುತ್ತಿತ್ತು, ಪುಟ ನಾಡಿದ್ದಿನದನ್ನು ಹೇಳುತ್ತಿತ್ತು. ನೀರು 12.5 ಮೀಟರ್ ದಾಟುವ ಮೊದಲೇ ನೆಲಮಹಡಿಯ ಅಕ್ಕಿ ಮೂಟೆ, ಫ್ರಿಜ್, ನನ್ನ ಪುಸ್ತಕದ ಪೆಟ್ಟಿಗೆಗಳೆಲ್ಲ ಮೇಲಕ್ಕೆ ಏರಿದ್ದವು, ಸ್ಕೂಟರ್ ಬೇರೆ ಬೀದಿಗೆ ಹೋಗಿತ್ತು. ದಂಡೆಯ ರಸ್ತೆಯಲ್ಲಿ ಮರಳಿನ ಚೀಲಗಳ ಸಾಲು ಎದ್ದಿತು. 2008ರ ಆಗಸ್ಟ್‌ನಲ್ಲಿ ಇದೇ ಊರಿನಲ್ಲಿ ನೀರು 13.5 ಮೀಟರ್ ಮೀರಿದಾಗ ಕೂಡ ಮರಳಿನ ಚೀಲಗಳೇ ಪೇಟೆಯನ್ನು ಉಳಿಸಿದ್ದವು ಎಂದು ನೆರೆಹೊರೆಯವರು ನೆನಪಿಸಿಕೊಂಡರು. ಈ ಒಂದು ವಾರದ ಮಟ್ಟಿಗೆ ಸೇವೆಗೆ ಪೂರ್ಣಾಂಕ.

ಇಲ್ಲಿ ಒಂದು ಮಾತು ಸೇರಿಸಬೇಕು. ಐದು ದಿನಗಳ ಮುನ್ಸೂಚನೆ ನದಿಯುದ್ದಕ್ಕೂ ಒಂದೇ ಗುಣಮಟ್ಟದ್ದಲ್ಲ. ಕಾಂಬೋಡಿಯಾದ ಬಯಲಿನಲ್ಲಿ ನೀರು ನಿಧಾನಕ್ಕೆ ಹರಡಿಕೊಂಡು ಸಾಗುವುದರಿಂದ ಮೇಲಿನ ಕೇಂದ್ರಗಳ ಅಂಕಿಯಿಂದಲೇ ಕೆಳಗಿನದನ್ನು ಹೇಳಬಹುದು. ಚಿಯಾಂಗ್ ಸೇನ್, ಲುವಾಂಗ್ ಪ್ರಬಾಂಗ್‌ಗಳ ಗುಡ್ಡಗಾಡಿನಲ್ಲಿ ಮಳೆ ಎಲ್ಲಿ ಎಷ್ಟು ಬೀಳುತ್ತದೆ ಎಂಬ ಅಂದಾಜಿನ ಜೊತೆಗೆ ಅಣೆಕಟ್ಟುಗಳ ಗೇಟು ಯಾವಾಗ ಏಳುತ್ತದೆ ಎಂಬುದನ್ನೂ ಊಹಿಸಬೇಕಾಗುತ್ತದೆ. ಮೊದಲೆರಡು ದಿನದ ಅಂಕಿಯನ್ನು ನಂಬಿ, ನಾಲ್ಕು ಮತ್ತು ಐದನೆಯ ದಿನದ್ದನ್ನು ದಿಕ್ಕು ತಿಳಿಯಲು ಮಾತ್ರ ಬಳಸಿ ಎಂಬುದು ನನ್ನ ಸಲಹೆ.

ಬೇಸಿಗೆಯಲ್ಲಿ ಕಥೆ ಬೇರೆಯಾಯಿತು. ಡಿಸೆಂಬರ್ ಕಳೆದ ಮೇಲೆ ವಿಯೆಂಟಿಯಾನ್‌ನ ಎದುರು ನದಿ ಸೊರಗಿ ದೊಡ್ಡ ಮರಳಿನ ದಿಬ್ಬ ಏಳುತ್ತದೆ. ದಂಡೆಯ ಇಳಿಜಾರಿನಲ್ಲಿ ಜನ ಅಲಸಂದೆ, ಸೊಪ್ಪು, ಈರುಳ್ಳಿ ಬೆಳೆಯುತ್ತಾರೆ. ಮನೆಯೊಡತಿಯದೂ ನಾಲ್ಕು ಮಡಿ ಇದ್ದವು. ಫೆಬ್ರವರಿಯ ಒಂದು ಬೆಳಿಗ್ಗೆ, ಆಕಾಶದಲ್ಲಿ ಮೋಡದ ಚೂರೂ ಇಲ್ಲದ ಕಾಲದಲ್ಲಿ, ಕೆಳಗಿನ ಮಡಿಯವರೆಗೆ ನೀರು ಏರಿತ್ತು. ಮಗನ ಮೂಲಕ ಅವರು ನನ್ನನ್ನು ಕೇಳಿದ ಪ್ರಶ್ನೆಯನ್ನು ಕನ್ನಡದಲ್ಲಿ ಹೇಳುವುದಾದರೆ ಹೀಗೆ: “ಇದು ಬಂದ ನೀರೋ, ಬಿಟ್ಟ ನೀರೋ?” ಮಂಡ್ಯದಲ್ಲಿ ಇದೇ ಪ್ರಶ್ನೆಗೆ ಉತ್ತರ ಪತ್ರಿಕೆಯ ಹೊರಹರಿವಿನ ಅಂಕಣದಲ್ಲಿ ಇರುತ್ತದೆ. ಇಲ್ಲಿ ನನ್ನ ಫೋನಿನ ಪುಟದಲ್ಲಿ ನೀರು ಎಷ್ಟು ಏರಿತು ಎಂಬುದು ಸೆಂಟಿಮೀಟರ್ ಲೆಕ್ಕದಲ್ಲಿ ಇತ್ತು, ಏಕೆ ಏರಿತು ಎಂಬುದು ಇರಲಿಲ್ಲ. ಜಿಂಗ್‌ಹಾಂಗ್‌ನ ಗೆರೆ ಕೆಲವು ದಿನ ಮುಂಚೆ ಏರಿದ್ದರೆ, ಚಿಯಾಂಗ್ ಸೇನ್‌ನ ಗೆರೆ ಅದರ ಹಿಂದೆಯೇ ಏರಿದ್ದರೆ, ಮೇಲೆ ಬಿಟ್ಟಿದ್ದಾರೆ ಎಂದು ನಾವೇ ಹಿಂದಿನಿಂದ ಮುಂದಕ್ಕೆ ಜೋಡಿಸಿಕೊಳ್ಳಬೇಕು. ವಾರದ ವರದಿ ಬರೆಯುವವರೂ ಬಹುಮಟ್ಟಿಗೆ ಅದನ್ನೇ ಮಾಡುತ್ತಾರೆ.

ಹೊರಹರಿವಿನ ಅಂಕಣ ಏಕಿಲ್ಲ ಎಂಬುದಕ್ಕೆ ಉತ್ತರ ಜಾಲತಾಣದ ವಿನ್ಯಾಸದಲ್ಲಿಲ್ಲ, ಒಪ್ಪಂದದಲ್ಲಿದೆ. ಯುನ್ನಾನ್‌ನಲ್ಲಿ ಮುಖ್ಯ ನದಿಗೆ ಅಡ್ಡಲಾಗಿ ಹತ್ತಕ್ಕೂ ಹೆಚ್ಚು ದೊಡ್ಡ ಅಣೆಕಟ್ಟುಗಳಿವೆ. ಅವುಗಳ ಸಂಗ್ರಹ ಸಾಮರ್ಥ್ಯದ ಬಹುಪಾಲು ಶಿಯಾವಾನ್ ಮತ್ತು ನುವೋಝಾದು ಎಂಬ ಎರಡೇ ಜಲಾಶಯಗಳಲ್ಲಿದೆ. ಮಳೆಗಾಲದಲ್ಲಿ ತುಂಬಿಸಿಕೊಂಡು ಬೇಸಿಗೆಯಲ್ಲಿ ವಿದ್ಯುತ್ತಿಗಾಗಿ ಬಿಡುವುದು ಅವುಗಳ ಕ್ರಮ. ಆಯೋಗದ ಸದಸ್ಯನಲ್ಲದ ಚೀನಾ 2002ರ ಒಪ್ಪಂದದ ಪ್ರಕಾರ ಜಿಂಗ್‌ಹಾಂಗ್ ಮತ್ತು ಮಾನ್‌ಆನ್ ಎಂಬ ಎರಡು ಕೇಂದ್ರಗಳ ಅಂಕಿಗಳನ್ನು ಪ್ರವಾಹದ ತಿಂಗಳುಗಳಲ್ಲಿ ಮಾತ್ರ ಕೊಡುತ್ತಿತ್ತು; ವರ್ಷಪೂರ್ತಿ ಕೊಡಲು ಒಪ್ಪಿದ್ದು 2020ರಲ್ಲಿ. ಇದು ದೊಡ್ಡ ಸುಧಾರಣೆಯೇ, ಅನುಮಾನವಿಲ್ಲ. ಆದರೂ ನದಿಯ ಮಟ್ಟ ಬೇರೆ, ಜಲಾಶಯದಲ್ಲಿ ಎಷ್ಟಿದೆ ಮತ್ತು ನಾಳೆ ಎಷ್ಟು ಬಿಡಲಾಗುವುದು ಎಂಬ ಮಾಹಿತಿ ಬೇರೆ. ಮೊದಲನೆಯದು ಆದ ಮೇಲೆ ತಿಳಿಯುವಂಥದು.

2021ರ ಜನವರಿಯ ಪ್ರಕರಣ ಇದನ್ನು ಎಲ್ಲಕ್ಕಿಂತ ಚೆನ್ನಾಗಿ ತೋರಿಸುತ್ತದೆ. ವಿದ್ಯುತ್ ಮಾರ್ಗದ ದುರಸ್ತಿಗಾಗಿ ಜಿಂಗ್‌ಹಾಂಗ್ ಅಣೆಕಟ್ಟಿನ ಹೊರಹರಿವನ್ನು ಸೆಕೆಂಡಿಗೆ ಸುಮಾರು 1,900 ಘನ ಮೀಟರ್‌ನಿಂದ 1,000 ಘನ ಮೀಟರ್‌ಗೆ, ನಮ್ಮ ಲೆಕ್ಕದಲ್ಲಿ ಸುಮಾರು 67,000 ಕ್ಯೂಸೆಕ್‌ನಿಂದ 35,000 ಕ್ಯೂಸೆಕ್‌ಗೆ, ಇಳಿಸುವುದಾಗಿ ಚೀನಾ ಜನವರಿ 5ರಂದು ಕೆಳಗಿನ ದೇಶಗಳಿಗೆ ತಿಳಿಸಿತು. ಆದರೆ ಡಿಸೆಂಬರ್ 31ರಿಂದಲೇ ನೀರು ಇಳಿಯತೊಡಗಿದ್ದನ್ನು ಮಾಪನ ಕೇಂದ್ರದ ಅಂಕಿಗಳು ಆಗಲೇ ದಾಖಲಿಸಿದ್ದವು. ಅಂದರೆ ಪತ್ರಕ್ಕಿಂತ ಮೊದಲು ನದಿಯೇ ಸುದ್ದಿ ತಂದಿತ್ತು. ಅಂಕಿಗಳು ವರ್ಷಪೂರ್ತಿ ಬರುವ ಏರ್ಪಾಡು ಆಗಿ ಕೆಲವೇ ತಿಂಗಳಾಗಿದ್ದವು. ಆ ಏರ್ಪಾಡು ಇಲ್ಲದಿದ್ದರೆ ಜನವರಿಯಲ್ಲಿ ಅಲ್ಲಿಂದ ಅಂಕಿಗಳೇ ಬರುತ್ತಿರಲಿಲ್ಲ.

ಸದಸ್ಯ ದೇಶಗಳ ನಡುವೆಯಾದರೂ ಎಲ್ಲ ತೆರೆದಿದೆ ಎನ್ನಲಾಗದು. 1995ರ ಒಪ್ಪಂದದ 6ನೆಯ ವಿಧಿ ಬೇಸಿಗೆಯಲ್ಲಿ ಮುಖ್ಯ ನದಿಯ ಹರಿವು ‘ಒಪ್ಪಬಹುದಾದ ಕನಿಷ್ಠ’ ಪ್ರಮಾಣಕ್ಕಿಂತ ಇಳಿಯಬಾರದು ಎನ್ನುತ್ತದೆ. ಎಷ್ಟು ಎಂಬ ಅಂಕಿ ಆ ವಿಧಿಯಲ್ಲಿಲ್ಲ. ಅದನ್ನು ನಂತರದ ಕಾರ್ಯವಿಧಾನಗಳಿಗೆ ಬಿಡಲಾಯಿತು. ಬಿಳಿಗುಂಡ್ಲುವಿನಲ್ಲಿ ವರ್ಷಕ್ಕೆ 177.25 ಟಿಎಂಸಿ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಅಂಕಿ ಕೊಟ್ಟ ಮೇಲೂ ಸಂಕಷ್ಟದ ವರ್ಷ ಬಂದಾಗ ಹಂಚುವುದು ಹೇಗೆಂದು ಜಗಳವಾಡುವ ನಮಗೆ, ಅಂಕಿಯೇ ಇಲ್ಲದ ವಿಧಿಯ ಕಷ್ಟವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಮುಖ್ಯ ನದಿಯ ಮೇಲಿನ ಯೋಜನೆಗಳಿಗೆ ಆರು ತಿಂಗಳ ಪೂರ್ವ ಸಮಾಲೋಚನೆ ಕಡ್ಡಾಯ, ಆದರೆ ಬೇಡ ಎನ್ನುವ ಅಧಿಕಾರ ಯಾರಿಗೂ ಇಲ್ಲ. ಲಾವೋಸ್‌ನ 1,285 ಮೆಗಾವ್ಯಾಟ್‌ನ ಸಯಾಬುರಿ ಅಣೆಕಟ್ಟು ಈ ವಿಧಾನವನ್ನು ಹಾದ ಮೊದಲನೆಯದು. ನೆರೆಯವರ ಆಕ್ಷೇಪಗಳು ಬಗೆಹರಿಯದೆಯೇ ಕಟ್ಟಡ ಎದ್ದು, 2019ರ ಅಕ್ಟೋಬರ್‌ನಲ್ಲಿ ವಿದ್ಯುತ್ ಉತ್ಪಾದನೆ ಶುರುವಾಯಿತು. ಕಾಂಬೋಡಿಯಾ ತನ್ನ ಫುನಾನ್ ಟೆಚೊ ಎಂಬ ಹಡಗು ಸಂಚಾರದ ಕಾಲುವೆಯನ್ನು ಉಪನದಿಯ ಯೋಜನೆಯೆಂದು, ಸಮಾಲೋಚನೆಯಿಲ್ಲದೆ ಬರೇ ಸೂಚನೆ ಕೊಟ್ಟು ಮುಗಿಸಿದ್ದು, ವಿಯೆಟ್ನಾಂ ಹೆಚ್ಚಿನ ವಿವರ ಬೇಕೆಂದು ಕೇಳುತ್ತಲೇ ಇದ್ದದ್ದು, 2024ರ ಆಗಸ್ಟ್‌ನಲ್ಲಿ ಕಾಮಗಾರಿಗೆ ಚಾಲನೆ ಸಿಕ್ಕಿದ್ದು ಇತ್ತೀಚಿನ ಅಧ್ಯಾಯ.

ಈ ಕೊರತೆಯನ್ನು ತುಂಬಲು ಇನ್ನೊಂದು ಸೇವೆ ಹುಟ್ಟಿಕೊಂಡಿದೆ: ಅಮೆರಿಕದ ಸ್ಟಿಮ್ಸನ್ ಸೆಂಟರ್ ಎಂಬ ಸಂಶೋಧನಾ ಸಂಸ್ಥೆ 2020ರ ಡಿಸೆಂಬರ್‌ನಲ್ಲಿ ಆರಂಭಿಸಿದ ಮೆಕಾಂಗ್ ಡ್ಯಾಮ್ ಮಾನಿಟರ್. ಉಪಗ್ರಹದ ಚಿತ್ರಗಳಿಂದ ಜಲಾಶಯಗಳ ನೀರಿನ ಹರವನ್ನು ಅಳೆದು, ಯಾವ ಜಲಾಶಯ ಈ ವಾರ ಎಷ್ಟು ತುಂಬಿಕೊಂಡಿತು, ಎಷ್ಟು ಬಿಟ್ಟಿತು ಎಂದು ಅದು ಅಂದಾಜಿಸುತ್ತದೆ. ನಾನು ಕಾಣೆನೆಂದು ಕೊರಗಿದ ಹೊರಹರಿವಿನ ಅಂಕಣಕ್ಕೆ ಇದು ಅತ್ಯಂತ ಹತ್ತಿರ. ಆದರೆ ಅದು ವಾರದ ಲೆಕ್ಕ, ಅಂದಾಜಿನ ಲೆಕ್ಕ; ಅಮೆರಿಕ ಸರ್ಕಾರದ ಹಣವೂ ಸೇರಿದ್ದರಿಂದ ಚೀನಾ ಅದನ್ನು ಒಪ್ಪುವುದಿಲ್ಲ, ಕೆಳಗಿನ ಸರ್ಕಾರಗಳು ಅದನ್ನು ಮುಂದಿಟ್ಟು ಮಾತಾಡಲು ಹಿಂಜರಿಯುತ್ತವೆ. ಆಯೋಗದ ಅಂಕಿಗೆ ನಾಲ್ಕು ಸರ್ಕಾರಗಳ ಮೊಹರು ಇದೆ. ಎರಡನ್ನೂ ಪಕ್ಕಪಕ್ಕದಲ್ಲಿ ತೆರೆದಿಟ್ಟು ಓದುವುದೇ ನಾನು ಕಂಡುಕೊಂಡ ದಾರಿ: ಎಷ್ಟು ಎಂಬುದಕ್ಕೆ ಆಯೋಗ, ಏಕೆ ಎಂಬುದಕ್ಕೆ ಮಾನಿಟರ್.

ಹೀಗೆ ಹೇಳುವಾಗ ನಮ್ಮ ಮನೆಯ ಸ್ಥಿತಿಯನ್ನು ಮರೆಯಲಾಗದು. ಬ್ರಹ್ಮಪುತ್ರದ ಪ್ರವಾಹ ಕಾಲದ ಅಂಕಿಗಳನ್ನು ಕೊಡುವ ಬಗ್ಗೆ ಚೀನಾ ಮತ್ತು ಭಾರತ 2002ರಲ್ಲಿ ಒಡಂಬಡಿಕೆ ಮಾಡಿಕೊಂಡವು. 2017ರ ಮಳೆಗಾಲದಲ್ಲಿ, ಡೋಕ್ಲಾಮ್ ಬಿಕ್ಕಟ್ಟಿನ ವರ್ಷ, ಅಂಕಿ ಬರಲಿಲ್ಲವೆಂದು ನಮ್ಮ ವಿದೇಶಾಂಗ ಸಚಿವಾಲಯವೇ ಹೇಳಿತು. ಕೇಂದ್ರಗಳ ದುರಸ್ತಿ ನಡೆಯುತ್ತಿದೆ ಎಂಬುದು ಚೀನಾ ಕೊಟ್ಟ ಕಾರಣ. ಪಶ್ಚಿಮಕ್ಕೆ ತಿರುಗಿದರೆ, ಅಲ್ಲಿ ಮೇಲ್ದಂಡೆಯವರು ನಾವು. 2025ರ ಏಪ್ರಿಲ್‌ನಲ್ಲಿ ಭಾರತ 1960ರ ಸಿಂಧೂ ಜಲ ಒಪ್ಪಂದವನ್ನು ಅಮಾನತಿನಲ್ಲಿಟ್ಟಿತು. ಅದೇ ವರ್ಷದ ಆಗಸ್ಟ್‌ನಲ್ಲಿ ತಾವಿ ನದಿಯ ಪ್ರವಾಹದ ಎಚ್ಚರಿಕೆಯನ್ನು ಸಿಂಧೂ ಆಯೋಗದ ಬದಲು ಹೈಕಮಿಷನ್ ಮೂಲಕ, ಮಾನವೀಯತೆಯ ಹೆಸರಿನಲ್ಲಿ ಪಾಕಿಸ್ತಾನಕ್ಕೆ ಕಳಿಸಲಾಯಿತು. ಆ ಎರಡು ನದಿಗಳ ದಂಡೆಯಲ್ಲಿ ಮನೆ ಮಾಡಿದ ಯಾರಾದರೂ ಗಡಿಯಾಚೆಯ ನೀರಿನ ಮಟ್ಟವನ್ನು ಹದಿನೈದು ನಿಮಿಷಕ್ಕೊಮ್ಮೆ ಫೋನಿನಲ್ಲಿ ನೋಡಬಲ್ಲರೇ? ಈ ಹೋಲಿಕೆಯ ನಂತರ ನಾನು ಆಯೋಗಕ್ಕೆ ಮೂರು ಅಂಕದ ಬದಲು ಮೂರೂವರೆ ಕೊಡಲು ನಿರ್ಧರಿಸಿದೆ.

ಹವಾಮಾನದ ಬದಲಾವಣೆ ಈ ಸೇವೆಯನ್ನು ಇನ್ನೊಂದು ಬಗೆಯಲ್ಲಿ ಕಾಡುತ್ತಿದೆ. ಚಿತ್ರದಲ್ಲಿರುವ ದೀರ್ಘಕಾಲದ ಸರಾಸರಿಯ ಗೆರೆ ಹಳೆಯ ನದಿಯದು. 2019ರಲ್ಲಿ ಮುಂಗಾರು ತಡವಾಗಿ ಬಂದು ಬೇಗ ಹಿಂತಿರುಗಿತು, ಮಳೆಗಾಲದ ನಡುವೆಯೇ ಜುಲೈನಲ್ಲಿ ಹಲವು ಕೇಂದ್ರಗಳಲ್ಲಿ ದಾಖಲೆಯ ಕನಿಷ್ಠ ಮಟ್ಟ ಕಂಡಿತು. ವರ್ಷದ ಕೊನೆಗೆ, ಹೂಳು ತಳದಲ್ಲೇ ಉಳಿದು, ಕೆಮ್ಮಣ್ಣಿನ ಬಣ್ಣದ ನದಿ ಥಾಯ್ಲೆಂಡ್‌ನ ನಖೋನ್ ಫನೋಮ್‌ನ ಬಳಿ ಸಮುದ್ರದಂತೆ ನೀಲಿಯಾಗಿ ಹರಿಯಿತು. ಪ್ರವಾಸಿಗರು ಫೋಟೋ ತೆಗೆದರು, ಮೀನುಗಾರರು ತಲೆಗೆ ಕೈ ಹೊತ್ತರು. ಸರಾಸರಿಗಿಂತ ಕಡಿಮೆ ಎಂದು ಪುಟ ಹೇಳುವಾಗ ಅದರಲ್ಲಿ ಎಷ್ಟು ಪಾಲು ಮಳೆಯದು, ಎಷ್ಟು ಪಾಲು ಅಣೆಕಟ್ಟಿನದು ಎಂದು ಬೇರ್ಪಡಿಸುವ ಸಾಧನ ಓದುಗನ ಕೈಯಲ್ಲಿಲ್ಲ. ಬರ ಬಿದ್ದ ವರ್ಷ ಮೇಲಿನವರು ಮಳೆಯನ್ನು ದೂರುತ್ತಾರೆ, ಕೆಳಗಿನವರು ಗೇಟನ್ನು ದೂರುತ್ತಾರೆ. ಇಬ್ಬರೂ ಅದೇ ಗೆರೆಯನ್ನು ತೋರಿಸುತ್ತಾರೆ.

ಎಲ್ಲ ಕೇಂದ್ರಗಳ ಪೈಕಿ ನನಗೆ ಅತ್ಯಂತ ಪ್ರಿಯವಾದದ್ದು ಕಾಂಬೋಡಿಯಾದ ಪ್ರೆಕ್ ಕ್ಡಾಮ್. ಇದು ಟೋನ್ಲೆ ಸಾಪ್ ಸರೋವರವನ್ನು ಮೆಕಾಂಗ್‌ಗೆ ಕೂಡಿಸುವ ನದಿಯ ಮೇಲಿದೆ. ಮಳೆಗಾಲದಲ್ಲಿ ಮೆಕಾಂಗ್ ಉಕ್ಕಿದಾಗ ಈ ನದಿ ಹಿಂದಕ್ಕೆ ತಿರುಗಿ ಸರೋವರವನ್ನು ಹಲವು ಪಟ್ಟು ಹಿಗ್ಗಿಸುತ್ತದೆ; ನೀರು ಇಳಿದಾಗ ಮತ್ತೆ ಮುಂದಕ್ಕೆ ಹರಿಯುತ್ತದೆ. ಆ ಹಿಗ್ಗಿನಲ್ಲಿ ಕಾಂಬೋಡಿಯಾದ ಮೀನು ಬೆಳೆಯುತ್ತದೆ. ಈ ಹಿಮ್ಮುಖ ಹರಿವನ್ನು ಕಾಪಾಡಬೇಕೆಂದು 1995ರ ಒಪ್ಪಂದದಲ್ಲೇ ಬರೆದಿದೆ. 2019 ಮತ್ತು 2020ರಲ್ಲಿ ನದಿ ತಿರುಗುವುದೇ ತಡವಾಯಿತು. ಒಂದು ವಿಧಿ ಪಾಲನೆಯಾಗುತ್ತಿದೆಯೋ ಇಲ್ಲವೋ ಎಂಬುದನ್ನು ಮನೆಯಲ್ಲಿ ಕುಳಿತು ಯಾರು ಬೇಕಾದರೂ ನೋಡಬಹುದಾದ ಇಂಥ ಅವಕಾಶ ಅಂತರರಾಷ್ಟ್ರೀಯ ಒಪ್ಪಂದಗಳಲ್ಲಿ ಅಪರೂಪ.

ಭಾಷೆಯ ವಿಷಯದಲ್ಲಿ ಸೇವೆ ಸೋಲುತ್ತದೆ. ನಾನು ಬಳಸಿದ ಪುಟಗಳೆಲ್ಲ ಇಂಗ್ಲಿಷಿನವು. ಜನರಿಗೆ ಅವರವರ ಭಾಷೆಯಲ್ಲಿ ಎಚ್ಚರಿಕೆ ಕೊಡುವುದು ಆಯಾ ದೇಶದ ಹವಾಮಾನ ಮತ್ತು ಜಲ ಇಲಾಖೆಗಳ ಹೊಣೆ ಎಂಬುದು ನಿಯಮದ ಪ್ರಕಾರ ಸರಿಯೇ, ಆದರೆ ದಂಡೆಯಲ್ಲಿ ಸೊಪ್ಪು ಬೆಳೆಯುವವರು ಇಂಗ್ಲಿಷ್ ಬಲ್ಲ ಮಗನನ್ನೋ ಬಾಡಿಗೆದಾರನನ್ನೋ ನೆಚ್ಚಿಕೊಳ್ಳಬೇಕಾಗುತ್ತದೆ.

ದೋಣಿಯಲ್ಲಿ ಹುವಾಯ್ ಸಾಯ್‌ನಿಂದ ಲುವಾಂಗ್ ಪ್ರಬಾಂಗ್‌ಗೆ ಎರಡು ದಿನದ ಪ್ರಯಾಣ ಹೊರಡುವವರು ಹಿಂದಿನ ರಾತ್ರಿ ಚಿಯಾಂಗ್ ಸೇನ್‌ನ ಗೆರೆಯನ್ನು ನೋಡಿಕೊಳ್ಳಲಿ. ಬೇಸಿಗೆಯಲ್ಲಿ ಅದು ತೀರಾ ಕೆಳಗಿದ್ದರೆ ದೋಣಿಯವರು ಬಂಡೆಗಳ ನಡುವೆ ನಿಧಾನಿಸುತ್ತಾರೆ, ಸಂಜೆಯ ಹೊತ್ತು ಮೀರುತ್ತದೆ. ವಿಯೆಂಟಿಯಾನ್‌ನಲ್ಲಿ ನೆಲಮಹಡಿ ಬಾಡಿಗೆಗೆ ಹಿಡಿಯುವವರು 12.5 ಎಂಬ ಅಂಕಿಯನ್ನು ಬಾಗಿಲ ಹಿಂದೆ ಬರೆದಿಟ್ಟುಕೊಳ್ಳಲಿ. ಊರು ಬಿಟ್ಟು ಬಂದ ಮೇಲೂ ನಾನು ಬೆಳಿಗ್ಗೆ ಕೆಆರ್‌ಎಸ್‌ನ ಸಾಲು ಓದಿ, ಆಮೇಲೆ ಆ ಪುಟ ತೆರೆಯುತ್ತೇನೆ. ಅಂಕಿ 10 ದಾಟಿದರೆ ಮನೆಯೊಡತಿಯ ಮಗನಿಗೆ ಒಂದು ಸಂದೇಶ ಹೋಗುತ್ತದೆ.